ಮೈತ್ರಿಕೂಟಗಳೂ ಶಾಂತಿಯೂ: ತಲಕಾಡು–ಕಳಲೆಗಳ ಇತಿಹಾಸದಿಂದ ಒಂದು ವಿಚಾರ

ರಾಜ್ಯಗಳು ಒಂದುಗೂಡಿ ಮೈತ್ರಿಕೂಟಗಳನ್ನು ಕಟ್ಟಿಕೊಳ್ಳುವುದರಿಂದ ಲೋಕದಲ್ಲಿ ಶಾಂತಿ ನೆಲೆಗೊಳ್ಳುವುದೇ ಎಂಬ ಪ್ರಶ್ನೆಯನ್ನು ಯೂರೋಪಿನ ಇತಿಹಾಸವನ್ನು ಮುಂದಿಟ್ಟುಕೊಂಡು ಚರ್ಚಿಸುವುದು ವಾಡಿಕೆಯಾಗಿದೆ. ವಿಯೆನ್ನಾ ಸಮ್ಮೇಳನ (೧೮೧೫), ರಾಷ್ಟ್ರಸಂಘ (೧೯೨೦), ವಿಶ್ವಸಂಸ್ಥೆ (೧೯೪೫), ನೇಟೋ ಒಕ್ಕೂಟ (೧೯೪೯) ಇವೇ ಅಂತಹ ಚರ್ಚೆಯ ಮೈಲಿಗಲ್ಲುಗಳು. ಆದರೆ ಈ ಪ್ರಶ್ನೆಯನ್ನು ಕೇಳಲು ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ಮೈಸೂರು ಜಿಲ್ಲೆಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಎರಡು ತಾಲ್ಲೂಕುಗಳು ಇದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿದ್ದಿತು. ನಂಜನಗೂಡು ತಾಲ್ಲೂಕಿನ ಕಳಲೆ ಮೈಸೂರು ಸಂಸ್ಥಾನದ ದಳವಾಯಿಗಳ ಮನೆತನದ ಮೂಲಸ್ಥಾನ. ಕೊಟ್ಟ ಮಾತನ್ನು ಕಡೆಯವರೆಗೂ ನಡೆಸಿದ ಮೈತ್ರಿಯೊಂದರ ಪರಿಣಾಮವನ್ನು ತಲಕಾಡು ಕಂಡಿತು; ಮಾತು ಮುರಿದ ಮೈತ್ರಿಯೊಂದರ ಪರಿಣಾಮವನ್ನು ಕಳಲೆಯವರು ಕಂಡರು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಲ್ಲದೆ ಮೈತ್ರಿಕೂಟದ ಶಕ್ತಿ ಎಷ್ಟು, ಅದರ ಮಿತಿ ಎಲ್ಲಿ ಎಂಬುದು ತಿಳಿಯಲಾರದು.

ವಿಚಾರಕ್ಕೆ ತೊಡಗುವ ಮೊದಲು ಎರಡು ಮಾತುಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಮೂರನೆಯವನೊಬ್ಬನಿಗೆ ಎದುರಾಗಿ ಇಬ್ಬರು ಅಥವಾ ಹಲವರು ಕೂಡಿಕೊಳ್ಳುವುದನ್ನು ನಾವು ಇಲ್ಲಿ ಮೈತ್ರಿಕೂಟವೆಂದು ಕರೆಯುತ್ತೇವೆ. ತಮ್ಮ ತಮ್ಮಲ್ಲಿಯೇ ಇರುವ ವ್ಯಾಜ್ಯವನ್ನು ಇಂತಿಂತಹ ರೀತಿಯಲ್ಲಿ ಬಗೆಹರಿಸಿಕೊಳ್ಳುತ್ತೇವೆಂದು ಎದುರಾಳಿಗಳೇ ಬರೆದುಕೊಳ್ಳುವುದನ್ನು ಒಡಂಬಡಿಕೆಯೆಂದು ಕರೆಯುತ್ತೇವೆ. ಕೌಟಿಲ್ಯನ ಮಂಡಲಸಿದ್ಧಾಂತದಲ್ಲಿ ನೆರೆಯವನು ಅರಿ, ಅರಿಯ ಆಚೆಗಿರುವವನು ಮಿತ್ರ. ಆ ಮಂಡಲದ ಕೇಂದ್ರದಲ್ಲಿ ನಿಂತಿರುವವನು ಶಾಂತಿಯನ್ನು ಬಯಸುವವನಲ್ಲ, ವಿಜಿಗೀಷು, ಎಂದರೆ ಗೆಲ್ಲಬಯಸುವವನು. ಮಿತ್ರನೆಂಬ ಪದ ನಮ್ಮ ರಾಜನೀತಿಶಾಸ್ತ್ರದಲ್ಲಿ ಹುಟ್ಟಿದ್ದೇ ಅರಿಯ ಲೆಕ್ಕದಲ್ಲಿ ಎಂಬ ಅಂಶವನ್ನು ನಾವು ಮರೆಯತಕ್ಕದ್ದಲ್ಲ.

೧. ತಲಕಾಡು: ಉಳಿಸಿಕೊಂಡ ಮಾತು

ಹತ್ತನೆಯ ಶತಮಾನದ ನಡುವಿನಲ್ಲಿ ಗಂಗರ ಇಮ್ಮಡಿ ಬೂತುಗನು ರಾಷ್ಟ್ರಕೂಟರ ನೆರವಿನಿಂದ ತನ್ನ ಅಣ್ಣ ರಾಚಮಲ್ಲನನ್ನು ಕೊಂದು ಪಟ್ಟಕ್ಕೆ ಬಂದನು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸೋದರಿ ರೇವಕನಿಮ್ಮಡಿಯನ್ನು ಅವನು ವರಿಸಿದ್ದನು. ಹೀಗೆ ರಕ್ತಸಂಬಂಧವೂ ರಾಜಕೀಯ ಪ್ರಯೋಜನವೂ ಒಂದೆಡೆ ಸೇರಿದ್ದರಿಂದ ಈ ಮೈತ್ರಿ ಗಟ್ಟಿಯಾಯಿತು. ಕ್ರಿ.ಶ. ೯೪೯ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ಯುವರಾಜನಾದ ರಾಜಾದಿತ್ಯನು ಬೂತುಗನ ಕೈಯಲ್ಲಿ ಮಡಿದನು. ಈ ಸೇವೆಗೆ ಮೆಚ್ಚಿ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಬೂತುಗನಿಗೆ ಕೊಟ್ಟನೆಂದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸಾರುತ್ತದೆ.

ಬೂತುಗನ ಮಗ ಮಾರಸಿಂಹನೂ (೯೬೩–೯೭೫) ತಂದೆಯ ದಾರಿಯನ್ನೇ ಹಿಡಿದನು. ೯೭೩ರಲ್ಲಿ ಚಾಲುಕ್ಯ ತೈಲಪನು ಎದ್ದು ರಾಷ್ಟ್ರಕೂಟರ ಪ್ರಭುತ್ವವನ್ನು ಕೊನೆಗಾಣಿಸಿದಾಗ, ಮುಳುಗುತ್ತಿದ್ದ ಮನೆತನದ ನಾಲ್ಮಡಿ ಇಂದ್ರನ ಪಕ್ಷವನ್ನು ವಹಿಸಿ ಅವನನ್ನು ಸಿಂಹಾಸನದಲ್ಲಿ ನಿಲ್ಲಿಸಲು ಮಾರಸಿಂಹನು ಹೋರಾಡಿದನು; ಅದು ಕೈಗೂಡಲಿಲ್ಲ. ಅವನು ಬಂಕಾಪುರದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಅವನ ನಿಷ್ಠೆಯಲ್ಲಿ ಯಾರೂ ಕುಂದನ್ನು ಕಾಣಲಾರರು. ಆದರೆ ಆ ನಿಷ್ಠೆಯಿಂದ ತಲಕಾಡಿಗೆ ಆದುದೇನು? ತಕ್ಕೋಲದಲ್ಲಿ ಸೋತ ಚೋಳರು ನಾಶವಾಗಿರಲಿಲ್ಲ. ರಾಷ್ಟ್ರಕೂಟರೆಂಬ ಆಸರೆ ಬಿದ್ದುಹೋದ ಮೇಲೆ ಅವರಿಗೂ ಗಂಗವಾಡಿಗೂ ನಡುವೆ ಅಡ್ಡಲಾಗಿ ನಿಲ್ಲುವವರು ಇಲ್ಲವಾದರು. ೧೦೦೪ರ ವೇಳೆಗೆ ತಲಕಾಡು ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರನ್ನು ಪಡೆಯಿತು. ಹೊಯ್ಸಳ ವಿಷ್ಣುವರ್ಧನನು ಅದನ್ನು ಮರಳಿ ಗೆದ್ದು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿ, ೧೧೧೭ರಲ್ಲಿ ಅಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸುವವರೆಗೆ ಸುಮಾರು ಒಂದು ಶತಮಾನವೇ ಕಳೆಯಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಗಂಗ–ರಾಷ್ಟ್ರಕೂಟ ಮೈತ್ರಿಯು ಎರಡು ತಲೆಮಾರುಗಳ ಕಾಲ ಮುರಿಯದೆ ಉಳಿಯಿತು. ಅದರ ಬಲದಿಂದ ಮಹಾವಿಜಯವೂ ಲಭಿಸಿತು. ಆದರೆ ಚೋಳರೊಡನೆ ಇದ್ದ ವೈರದ ಮೂಲವನ್ನು ಅದು ಮುಟ್ಟಲಿಲ್ಲ. ಗೆಲುವು ಎದುರಾಳಿಯ ಸೇಡನ್ನು ಮುಂದೂಡಿತೇ ಹೊರತು ತೀರಿಸಲಿಲ್ಲ. ಮೇಲಾಗಿ, ಮಿತ್ರನ ಶತ್ರುಗಳೆಲ್ಲ ತನ್ನ ಶತ್ರುಗಳಾದರು. ಮಿತ್ರನ ಪತನವೇ ತನ್ನ ಪತನಕ್ಕೆ ದಾರಿಯಾಯಿತು.

೨. ಕಳಲೆ: ಮುರಿದ ಮಾತು

ಮಾತನ್ನು ಉಳಿಸಿಕೊಂಡಲ್ಲಿ ಹೀಗಾದರೆ, ಮುರಿದಲ್ಲಿ ಏನಾಯಿತೆಂಬುದನ್ನು ಕಳಲೆಯ ಇತಿಹಾಸದಲ್ಲಿ ನೋಡಬಹುದು. ಮೈಸೂರಿನ ಒಡೆಯರಿಗೂ ಕಳಲೆಯ ಅರಸುಮನೆತನಕ್ಕೂ ಬಳಕೆ ಬಾಂಧವ್ಯಗಳಿದ್ದುವು. ರಾಜ ಒಡೆಯರ ಕಾಲದಿಂದ ದಳವಾಯಿಯ ಪದವಿ ಕಳಲೆಯವರಿಗೆ ಸಲ್ಲತಕ್ಕದ್ದೆಂಬ ಒಪ್ಪಂದವಿದ್ದಿತೆಂದು ಸಂಪ್ರದಾಯ ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಈ ಮನೆತನದ ಅಧಿಕಾರ ಅರಮನೆಯನ್ನೇ ಮೀರಿ ಬೆಳೆಯಿತು. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ (೧೭೩೪–೧೭೬೬) ಅಣ್ಣ ದೇವರಾಜಯ್ಯನು ದಳವಾಯಿಯಾಗಿಯೂ, ತಮ್ಮ ಕರಾಚೂರಿ ನಂಜರಾಜಯ್ಯನು ಸರ್ವಾಧಿಕಾರಿಯಾಗಿಯೂ ಆಳಿದರು. ನಂಜರಾಜಯ್ಯನು ನಂಜನಗೂಡಿನ ಶ್ರೀಕಂಠೇಶ್ವರನ ಭಕ್ತ, ಕನ್ನಡದಲ್ಲಿ ಶೈವಗ್ರಂಥಗಳನ್ನು ರಚಿಸಿದ ವಿದ್ವಾಂಸ. ನರಸಿಂಹಕವಿಯ ಸಂಸ್ಕೃತ ಅಲಂಕಾರಗ್ರಂಥವಾದ ನಂಜರಾಜಯಶೋಭೂಷಣಕ್ಕೆ ಅವನೇ ನಾಯಕ. ವಿದ್ಯಾವಂತನಾದ ಇಂತಹ ಮಂತ್ರಿಯೇ ನಾಡನ್ನು ಅನರ್ಥಕಾರಿಯಾದ ಮೈತ್ರಿಯೊಂದಕ್ಕೆ ಸಿಲುಕಿಸಿದನು.

೧೭೪೯ರಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನನು ಆಂಬೂರಿನ ಯುದ್ಧದಲ್ಲಿ ಮಡಿದ ಮೇಲೆ ಅವನ ಮಗ ಮಹಮ್ಮದಾಲಿ ತಿರುಚನಾಪಳ್ಳಿಯ ಕೋಟೆಯನ್ನು ಸೇರಿಕೊಂಡನು. ಫ್ರೆಂಚರ ಬೆಂಬಲ ಪಡೆದ ಚಂದಾಸಾಹೇಬನು ಅವನನ್ನು ಮುತ್ತಿದನು. ಆಂಗ್ಲರ ನೆರವಿದ್ದರೂ ಹಣವೂ ದಂಡೂ ಸಾಲದಾಗಿ ಮಹಮ್ಮದಾಲಿ ಮೈಸೂರಿನ ಸಹಾಯವನ್ನು ಬೇಡಿ, ಗೆದ್ದ ಬಳಿಕ ತಿರುಚನಾಪಳ್ಳಿಯನ್ನೂ ಅದಕ್ಕೆ ಸೇರಿದ ಸೀಮೆಯನ್ನೂ ಬಿಟ್ಟುಕೊಡುವುದಾಗಿ ಮಾತುಕೊಟ್ಟನು. ದೇವರಾಜಯ್ಯನಿಗೆ ಈ ಸಾಹಸ ಒಪ್ಪಿಗೆಯಾಗಿರಲಿಲ್ಲ. ಆದರೂ ೧೭೫೨ರ ಆದಿಯಲ್ಲಿ ನಂಜರಾಜಯ್ಯನು ದೊಡ್ಡ ದಂಡಿನೊಡನೆ ಹೊರಟನು. ಗುತ್ತಿಯ ಮುರಾರಿರಾಯನ ಮರಾಠಾ ರಾವುತರು ಮೈಸೂರಿನ ಸಂಬಳಕ್ಕೆ ಸೇರಿದರು. ತಂಜಾವೂರಿನವರೂ ಬಂದು ಕೂಡಿದರು. ಹೀಗೆ ಮಹಮ್ಮದಾಲಿ, ಆಂಗ್ಲರು, ಮೈಸೂರು, ಮರಾಠರು, ತಂಜಾವೂರು ಎಂಬ ಐವರ ಕೂಟ ಏರ್ಪಟ್ಟಿತು.

ಕೂಟವು ತನ್ನ ಕೆಲಸವನ್ನು ಬೇಗನೆ ಮುಗಿಸಿತು. ೧೭೫೨ರ ಜೂನ್ ತಿಂಗಳಿನಲ್ಲಿ ಶ್ರೀರಂಗದಲ್ಲಿದ್ದ ಫ್ರೆಂಚ್ ದಳ ಶರಣಾಯಿತು. ತಂಜಾವೂರಿನ ಸೇನಾನಿಯ ಕೈಗೆ ಸಿಕ್ಕಿದ ಚಂದಾಸಾಹೇಬನ ತಲೆ ಹೋಯಿತು. ಶತ್ರು ಅಳಿದ ಕೂಡಲೇ ಕೂಟದ ಒಳಗಿನ ಬಿರುಕು ಕಾಣಿಸಿಕೊಂಡಿತು. ನಂಜರಾಜಯ್ಯನು ಕೋಟೆಯನ್ನು ಕೇಳಿದನು. ಮಹಮ್ಮದಾಲಿ ನೆವಗಳನ್ನು ಹೇಳಿ ವಾಯಿದೆ ಬೇಡಿ ಕಾಲವನ್ನು ತಳ್ಳಿದನು. ಆ ಗುಪ್ತ ಕರಾರಿಗೆ ತಾವು ಬದ್ಧರಲ್ಲವೆಂಬುದು ಆಂಗ್ಲರ ನಿಲುವು. ಕರಾರನ್ನು ಯಾರ ಮುಂದೆ ಹಿಡಿದು ನ್ಯಾಯ ಕೇಳಬೇಕು? ಕೇಳುವ ಪೀಠವೇ ಇರಲಿಲ್ಲ. ಕೋಪಗೊಂಡ ನಂಜರಾಜಯ್ಯನು ಪಕ್ಷವನ್ನು ಬದಲಿಸಿ, ನೆನ್ನೆಯವರೆಗೆ ಯಾರೊಡನೆ ಕಾದಿದ್ದನೋ ಆ ಫ್ರೆಂಚರೊಡನೆಯೇ ೧೭೫೩ರಲ್ಲಿ ಕೈಗೂಡಿಸಿ ಅದೇ ಕೋಟೆಗೆ ಮುತ್ತಿಗೆ ಹಾಕಿದನು. ೧೭೫೪ರ ಕೊನೆಯಲ್ಲಿ ಆಂಗ್ಲರೂ ಫ್ರೆಂಚರೂ ಪರಸ್ಪರ ಕದನವಿರಾಮ ಮಾಡಿಕೊಂಡಾಗ ಮೈಸೂರಿನ ಹಕ್ಕು ಯಾವ ಪಕ್ಷಕ್ಕೂ ಬೇಡದ ವಸ್ತುವಾಯಿತು. ಮೂರು ವರ್ಷ ದಂಡನ್ನು ಸಾಕಿದ ನಂಜರಾಜಯ್ಯನು ೧೭೫೫ರಲ್ಲಿ ಬರಿಗೈಯಲ್ಲಿ ಹಿಂದಿರುಗಿದನು.

ಇದರ ವೆಚ್ಚವನ್ನು ತೆತ್ತವರು ಯಾರೆಂಬುದು ಮುಖ್ಯ ಪ್ರಶ್ನೆ. ದಂಡು ದೂರದಲ್ಲಿದ್ದ ಸಮಯವನ್ನು ನೋಡಿ ೧೭೫೫ರಲ್ಲಿ ಹೈದರಾಬಾದಿನ ಸಲಾಬತ್ ಜಂಗನು ಶ್ರೀರಂಗಪಟ್ಟಣದ ಮೇಲೆ ಬಂದು ಐವತ್ತಾರು ಲಕ್ಷ ರೂಪಾಯಿ ಪೇಷ್‌ಕಷ್ ಕೇಳಿದನು. ಅವನ ಬಲವಾಗಿದ್ದವನು ಫ್ರೆಂಚ್ ಸೇನಾನಿ ಬುಸ್ಸಿ. ತಿರುಚನಾಪಳ್ಳಿಯಲ್ಲಿ ಮಿತ್ರರಾದವರೇ ಶ್ರೀರಂಗಪಟ್ಟಣದಲ್ಲಿ ಸುಲಿಗೆಗೆ ಬಂದಂತಾಯಿತು. ಬೊಕ್ಕಸ ಬರಿದಾಗಿದ್ದುದರಿಂದ ದೇವರಾಜಯ್ಯನು ರಾಜಧಾನಿಯ ದೇವಾಲಯಗಳ ಬೆಳ್ಳಿಬಂಗಾರಗಳನ್ನೂ ಅರಮನೆಯ ಒಡವೆಗಳನ್ನೂ ತೆಗೆಸಿ ಒಂದಂಶವನ್ನು ತೆತ್ತು, ಉಳಿದುದಕ್ಕೆ ಒತ್ತೆಯಾಳುಗಳನ್ನು ಕೊಟ್ಟನು. ೧೭೫೭ರಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯನು ಬಂದಾಗ ಹಣವಿಲ್ಲದೆ ತಾಲ್ಲೂಕುಗಳನ್ನೇ ಆಧಾರವಾಗಿ ಒತ್ತೆಯಿಡಬೇಕಾಯಿತು. ಸಂಬಳ ಕಾಣದ ದಂಡು ದಂಗೆಯೆದ್ದಿತು. ಅದನ್ನು ಸಮಾಧಾನಪಡಿಸಿದ ಹೈದರಾಲಿಯ ಕೈ ಮೇಲಾಯಿತು. ತಿರುಚನಾಪಳ್ಳಿಯ ಮುತ್ತಿಗೆಯಲ್ಲಿಯೇ ಅವನು ಯುದ್ಧಸಾಮಗ್ರಿಯನ್ನೂ ಅನುಭವವನ್ನೂ ಸಂಪಾದಿಸಿದ್ದನು. ೧೭೬೦–೬೧ರಲ್ಲಿ ಖಂಡೇರಾಯನಿಗೂ ಹೈದರನಿಗೂ ನಂಜನಗೂಡಿನ ಬಳಿಯೇ ಕಾಳಗ ನಡೆದು ಹೈದರನು ಸೋತು, ಅಧಿಕಾರ ಕಳೆದುಕೊಂಡಿದ್ದ ನಂಜರಾಜಯ್ಯನನ್ನೇ ಮೊರೆಹೊಕ್ಕು, ಅವನ ಹೆಸರಿನ ಬಲದಿಂದ ಮತ್ತೆ ಮೇಲೆದ್ದನು. ಹಾಗೆ ಮೇಲೆದ್ದವನು ನಂಜರಾಜಯ್ಯನಿಗೆ ಅಧಿಕಾರವನ್ನು ಹಿಂದಿರುಗಿಸಲಿಲ್ಲ. ಕಾವೇರಿಯ ಕೆಳದಂಡೆಯ ಒಂದು ಕೋಟೆಗಾಗಿ ಕಟ್ಟಿದ ಕೂಟವು ಹತ್ತು ವರ್ಷ ತುಂಬುವುದರೊಳಗೆ ಯುದ್ಧವನ್ನು ಕಪಿಲೆಯ ದಡಕ್ಕೆ, ಕಳಲೆಯವರ ಸ್ವಂತ ಸೀಮೆಗೇ ತಂದಿತು.

೩. ಮೂವರ ಕೂಟ ಮತ್ತು ಅದರ ಉಳಿಕೆ

ಮುಂದಿನ ನಲವತ್ತು ವರ್ಷಗಳ ಇತಿಹಾಸ ಇದೇ ಪಾಠವನ್ನು ದೊಡ್ಡಕ್ಷರಗಳಲ್ಲಿ ಬರೆಯಿತು. ೧೭೬೯ರ ಮದರಾಸಿನ ಒಡಂಬಡಿಕೆಯಲ್ಲಿ ಹೈದರನೂ ಆಂಗ್ಲರೂ ಒಬ್ಬರ ಮೇಲೆ ಶತ್ರು ಬಿದ್ದರೆ ಮತ್ತೊಬ್ಬರು ನೆರವಾಗುವುದೆಂದು ಬರೆದುಕೊಂಡರು. ೧೭೭೧ರಲ್ಲಿ ಪೇಶ್ವೆ ಮಾಧವರಾಯನ ಮರಾಠರು ಚಿನಕುರಳಿಯಲ್ಲಿ ಹೈದರನನ್ನು ಮುರಿದಾಗ ಮದರಾಸಿನಿಂದ ನೆರವು ಬರಲಿಲ್ಲ. ೧೭೮೦ರಲ್ಲಿ ಹೈದರನು ಅದೇ ಮರಾಠರನ್ನೂ ನಿಜಾಮನನ್ನೂ ಕೂಡಿಕೊಂಡು ಆಂಗ್ಲರ ಮೇಲೆ ನಡೆದನು. ೧೭೮೨ರ ಸಾಲ್ಬಾಯಿ ಸಂಧಿಯಿಂದ ಮರಾಠರು ಆ ಕೂಟವನ್ನು ಬಿಟ್ಟುಹೋದರು.

೧೭೯೦ರ ಜೂನ್ ಜುಲೈ ತಿಂಗಳುಗಳಲ್ಲಿ ಆಂಗ್ಲರು, ಪೇಶ್ವೆ, ನಿಜಾಮ ಈ ಮೂವರು ಟಿಪ್ಪುವಿಗೆ ಎದುರಾಗಿ ಕೂಟ ಕಟ್ಟಿದರು. ೧೭೯೨ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಸಂಧಿಯಾಗಿ ಟಿಪ್ಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಯುದ್ಧಕ್ಕಾಗಿ ಕಟ್ಟಿದ ಈ ಕೂಟವನ್ನು ಶಾಂತಿಯ ಕಾವಲಿಗೂ ಉಳಿಸಿಕೊಳ್ಳಬೇಕೆಂದು ಕಾರ್ನ್‌ವಾಲಿಸನು ಪರಸ್ಪರ ರಕ್ಷಣೆಯ ಕರಾರೊಂದನ್ನು ಸೂಚಿಸಿದನು, ಮರಾಠರು ಒಪ್ಪಲಿಲ್ಲ. ೧೭೯೫ರಲ್ಲಿ ಖರ್ಡಾದಲ್ಲಿ ಮರಾಠರು ತಮ್ಮ ಹಿಂದಿನ ಮಿತ್ರನಾದ ನಿಜಾಮನನ್ನೇ ಸೋಲಿಸಿದರು. ಗವರ್ನರ್ ಜನರಲ್ ಸರ್ ಜಾನ್ ಶೋರನು ಸುಮ್ಮನಿದ್ದನು. ೧೭೯೯ರಲ್ಲಿ ಟಿಪ್ಪುವು ಮಡಿದನು. ನಿಜಾಮನು ಅದರ ಹಿಂದಿನ ವರ್ಷವೇ ಆಂಗ್ಲರ ಸೈನ್ಯಸಹಾಯ ಪದ್ಧತಿಗೆ ಒಳಗಾಗಿದ್ದನು. ಪೇಶ್ವೆ ೧೮೦೨ರಲ್ಲಿ ಒಳಗಾಗಿ ೧೮೧೮ರಲ್ಲಿ ಪದವಿಯನ್ನೇ ಕಳೆದುಕೊಂಡನು. ಮೂವರಲ್ಲಿ ಕಡೆಗೆ ಸ್ವತಂತ್ರನಾಗಿ ಉಳಿದವನು ಒಬ್ಬನೇ.

೪. ಆಕ್ಷೇಪಗಳ ವಿಚಾರ

ಇದಕ್ಕೆ ಎರಡು ಆಕ್ಷೇಪಗಳನ್ನು ಹೇಳಬಹುದು. ೧೭೯೯ರ ಜುಲೈಯಲ್ಲಿ ಮೈಸೂರಿಗೂ ಆಂಗ್ಲರಿಗೂ ಆದ ಕರಾರು ನಿಜವಾಗಿಯೂ ಶಾಂತಿಯನ್ನು ತಂದಿತಲ್ಲವೇ ಎಂಬುದು ಮೊದಲನೆಯದು. ಹೊರಗಿನ ದಂಡುಗಳು ವರ್ಷವರ್ಷವೂ ಬಂದು ನಮ್ಮ ಹೊಲಗಳನ್ನು ತುಳಿಯುವುದು ನಿಂತುದು ದಿಟ. ಅಂದಿನ ರೈತನಿಗೆ ಅದು ಅಲ್ಪ ಲಾಭವೆಂದು ನಾವು ಹೇಳಲಾರೆವು. ಆದರೆ ಅದರ ಬೆಲೆಯನ್ನೂ ಹೇಳಬೇಕು. ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ, ಆಂಗ್ಲರ ಅನುಮತಿಯಿಲ್ಲದೆ ಪರರಾಜ್ಯಗಳೊಡನೆ ವ್ಯವಹರಿಸಬಾರದೆಂಬ ಕಟ್ಟು, ಬೇಕೆನಿಸಿದಾಗ ಆಡಳಿತವನ್ನು ಕೈಗೆ ತೆಗೆದುಕೊಳ್ಳುವ ಷರತ್ತು. ಈ ಷರತ್ತು ೧೮೩೧ರಲ್ಲಿ ಜಾರಿಗೆ ಬಂದು ಐವತ್ತು ವರ್ಷ ನಡೆಯಿತು. ಇದು ಸಮಾನರ ಮೈತ್ರಿಯಿಂದ ಬಂದ ಶಾಂತಿಯಲ್ಲ. ಒಬ್ಬನೇ ಬಲಶಾಲಿಯಾಗಿ ಉಳಿದುದರಿಂದ ಬಂದ ನಿಶ್ಶಬ್ದ.

ಎರಡನೆಯದು ನಮ್ಮ ಕಾಲಕ್ಕೆ ಸಂಬಂಧಿಸಿದ್ದು. ನೇಟೋ ಒಕ್ಕೂಟ ಹುಟ್ಟಿದ ಮೇಲೆ ಸೋವಿಯತ್ ರಷ್ಯಕ್ಕೂ ಪಶ್ಚಿಮ ಯೂರೋಪಿಗೂ ನೇರ ಯುದ್ಧ ನಡೆಯಲಿಲ್ಲವೆಂದು ಅದರ ಪಕ್ಷದವರು ಹೇಳುತ್ತಾರೆ. ಹೆದರಿಕೆಗೂ ಒಂದು ಶಕ್ತಿಯುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ೧೭೯೨ರಿಂದ ಏಳು ವರ್ಷ ಟಿಪ್ಪುವನ್ನು ತಡೆದುದರಲ್ಲಿ ಅದರ ಪಾಲೂ ಇದ್ದಿತು. ಆದರೆ ಅಲ್ಲಿ ಪರಮಾಣು ಅಸ್ತ್ರದ ಭಯವೆಷ್ಟು, ಒಕ್ಕೂಟದ ಬಲವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎದುರು ಪಕ್ಷದ ವಾರ್ಸಾ ಕೂಟವು ೧೯೬೮ರಲ್ಲಿ ಸೈನ್ಯವನ್ನು ನುಗ್ಗಿಸಿದ್ದು ತನ್ನ ಸದಸ್ಯರಾಷ್ಟ್ರವೇ ಆದ ಚೆಕೊಸ್ಲೊವಾಕಿಯಕ್ಕೆ. ಮತ್ತೊಂದು ಕಡೆ, ೧೯೫೧ರಲ್ಲಿ ಫ್ರಾನ್ಸೂ ಪಶ್ಚಿಮ ಜರ್ಮನಿಯೂ ಇತರ ನಾಲ್ವರೊಡನೆ ಕಲ್ಲಿದ್ದಲು ಉಕ್ಕುಗಳನ್ನು ಒಂದೇ ಅಧಿಕಾರದ ಕೆಳಗೆ ತಂದುವು. ಮೂರು ಬಾರಿ ಕಾದಿದ ಎದುರಾಳಿಗಳಿಬ್ಬರೂ ಒಂದೇ ಒಡಂಬಡಿಕೆಯ ಒಳಗಿದ್ದುದು ಇಲ್ಲಿನ ವಿಶೇಷ. ಆ ಎರಡು ದೇಶಗಳ ನಡುವೆ ಯುದ್ಧವೆಂಬುದು ಈಗ ಯೋಚನೆಗೂ ಬಾರದ ಮಾತಾಗಿದೆ.

೫. ಕೂಡಲ ನೀರು ಮತ್ತು ಒಡಂಬಡಿಕೆ

ಎದುರಾಳಿಗಳೇ ಬರೆದುಕೊಳ್ಳುವ ಒಡಂಬಡಿಕೆಯ ಸ್ವರೂಪವನ್ನು ಅರಿಯಲೂ ನಾವು ಇದೇ ತಾಲ್ಲೂಕುಗಳಿಗೆ ಹಿಂದಿರುಗಬಹುದು. ನಂಜನಗೂಡನ್ನು ಹಾಯ್ದು ಬಂದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಕ್ಕೆ ಹರಿಯುವ ನೀರಿನ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿ ಒಂದು, ೧೯೨೪ರಲ್ಲಿ ಮತ್ತೊಂದು ಕರಾರಾಯಿತು. ಇವು ನಿರ್ದೋಷವಾದುವೆಂದು ನಾವು ಹೇಳುವುದಿಲ್ಲ. ಕನ್ನಂಬಾಡಿಯ ವ್ಯಾಜ್ಯದಲ್ಲಿ ೧೯೧೪ರಲ್ಲಿ ಮಧ್ಯಸ್ಥನಾಗಿ ಗ್ರಿಫಿನ್ನನು ಕೊಟ್ಟ ತೀರ್ಪನ್ನು ಲಂಡನ್ನಿನ ಭಾರತ ಮಂತ್ರಿ ತಳ್ಳಿಹಾಕಿದುದು, ಮಧ್ಯಸ್ಥನಿಗಿಂತ ಮೇಲೆ ಪಕ್ಷಪಾತಿಯೊಬ್ಬನು ಕುಳಿತಿದ್ದರೆ ಏನಾಗುವುದೆಂಬುದಕ್ಕೆ ಸಾಕ್ಷಿ. ಆದರೂ ಈ ಕರಾರುಗಳಲ್ಲಿ ಮೂರು ಗುಣಗಳಿದ್ದುವು: ವ್ಯಾಜ್ಯದ ಪಕ್ಷಗಳೆರಡೂ ಅದರ ಒಳಗಿದ್ದುವು; ವ್ಯಾಜ್ಯದ ವಸ್ತುವನ್ನು ಅಳೆದು ಬರೆಯಲಾಗಿದ್ದಿತು; ೧೯೨೪ರ ಕರಾರಿನಲ್ಲಿ ಐವತ್ತು ವರ್ಷಗಳ ಬಳಿಕ ಮರುವಿಚಾರಕ್ಕೆ ಅವಕಾಶವಿದ್ದಿತು.

ಆ ಅವಧಿ ೧೯೭೪ರಲ್ಲಿ ಮುಗಿದ ತರುವಾಯ ಜಗಳ ಬೆಳೆಯಿತು. ೧೯೯೦ರಲ್ಲಿ ನ್ಯಾಯಮಂಡಳಿ ರಚಿತವಾಯಿತು. ೧೯೯೧ರ ಮಧ್ಯಂತರ ಆದೇಶದ ಬೆನ್ನಿಗೆ ಆ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರು ಮೈಸೂರು ಸೀಮೆಗಳಲ್ಲಿ ಹಿಂಸೆ ನಡೆದು, ಯಾವ ಕರಾರಿಗೂ ಸಹಿ ಹಾಕದ ಬಡ ತಮಿಳರು ಪ್ರಾಣವನ್ನೂ ಮನೆಯನ್ನೂ ಕಳೆದುಕೊಂಡರು. ಇದನ್ನು ಮರೆಮಾಚಿ ಇತಿಹಾಸ ಬರೆಯುವುದು ಸಲ್ಲದು. ೨೦೦೭ರಲ್ಲಿ ಅಂತಿಮ ತೀರ್ಪು ಬಂದಿತು. ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ, ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರನ್ನು ೧೯೨ ಟಿ.ಎಂ.ಸಿ.ಯಿಂದ ೧೭೭.೨೫ ಟಿ.ಎಂ.ಸಿ.ಗೆ ಇಳಿಸಿತು. ಇದೇ ಹೊಳೆಯ ದಂಡೆಗಳಲ್ಲಿ ಚೋಳರೂ ಗಂಗರೂ, ಮೈಸೂರಿನವರೂ ಆರ್ಕಾಟಿನವರೂ ಕತ್ತಿ ಹಿಡಿದು ತೀರಿಸಿಕೊಂಡ ಬಗೆಯ ಹಗೆ ಇಂದು ವಕೀಲರ ವಾದವಾಗಿ, ನೀರಿನ ಲೆಕ್ಕವಾಗಿ ಮಾರ್ಪಟ್ಟಿದೆ. ಜನರ ಸಿಟ್ಟು ತಣಿದಿಲ್ಲ. ಆದರೆ ದಂಡೆತ್ತುವ ಮಾತಿಲ್ಲ.

ಇಲ್ಲಿ ಎರಡು ರಾಜ್ಯಗಳ ಮೇಲೂ ಒಂದು ಸಂವಿಧಾನವಿದೆ, ಸ್ವತಂತ್ರ ರಾಷ್ಟ್ರಗಳ ಮೇಲೆ ಅಂತಹುದು ಇಲ್ಲವಲ್ಲ ಎಂದು ಕೇಳಬಹುದು. ಈ ವ್ಯತ್ಯಾಸ ನಿಜವಾದುದು, ದೊಡ್ಡದು. ಭಾರತ ಪಾಕಿಸ್ತಾನಗಳ ೧೯೬೦ರ ಸಿಂಧೂ ಜಲ ಒಡಂಬಡಿಕೆ ೧೯೬೫, ೧೯೭೧, ೧೯೯೯ರ ಯುದ್ಧಗಳನ್ನು ದಾಟಿ ಉಳಿಯಿತು, ಆದರೆ ಆ ಯುದ್ಧಗಳನ್ನು ತಡೆಯಲಿಲ್ಲ. ೨೦೨೫ರ ಏಪ್ರಿಲ್‌ನಲ್ಲಿ ಪಹಲ್ಗಾಮಿನ ಹತ್ಯೆಗಳ ಬಳಿಕ ಭಾರತವು ಅದನ್ನು ತಡೆಹಿಡಿಯಿತು. ಒಡಂಬಡಿಕೆಯು ತಾನು ಅಳೆದು ಬರೆದ ವ್ಯಾಜ್ಯವನ್ನು ಮಾತ್ರ ಕಾಯಬಲ್ಲುದು. ಬರೆಯದೆ ಬಿಟ್ಟ ವ್ಯಾಜ್ಯ ಅದನ್ನೂ ನುಂಗಬಲ್ಲುದು.

೬. ಉಪಸಂಹಾರ

ಮೇಲಿನ ವಿಚಾರದಿಂದ ನಮಗೆ ತೋರುವ ನಿರ್ಣಯವಿದು. ಮೈತ್ರಿಕೂಟವು ಯುದ್ಧವನ್ನು ಗೆಲ್ಲಿಸಬಲ್ಲುದು, ಕೆಲವು ಕಾಲ ಮುಂದೂಡಲೂ ಬಲ್ಲುದು. ಶಾಂತಿಯನ್ನು ಕಾಯುವ ಶಕ್ತಿ ಅದಕ್ಕೆ ತಾನಾಗಿ ಇಲ್ಲ. ಮಿತ್ರರ ವಂಚನೆಯೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಮಾರಸಿಂಹನಂತಹ ನಿಷ್ಠನೂ ತಲಕಾಡನ್ನು ಉಳಿಸಲಾರದಾದನು. ಹೊರಗಿನ ಶತ್ರುವೇ ಕೂಟವನ್ನು ಹಿಡಿದಿರುವ ಕಟ್ಟು. ಶತ್ರು ಉಳಿದರೆ ಯುದ್ಧದ ಭಯ ಉಳಿಯುತ್ತದೆ. ಶತ್ರು ಅಳಿದರೆ ಕೂಟ ಅಳಿಯುತ್ತದೆ.

ಆದಕಾರಣ ಯಾವುದೇ ಅಂತರರಾಷ್ಟ್ರೀಯ ಏರ್ಪಾಡನ್ನು ನಾವು ಮೂರು ಪ್ರಶ್ನೆಗಳಿಂದ ಪರೀಕ್ಷಿಸತಕ್ಕದ್ದು. ಎದುರಾಳಿಯು ಅದರ ಒಳಗಿದ್ದಾನೆಯೇ? ವ್ಯಾಜ್ಯದ ವಸ್ತುವನ್ನು ಸ್ಪಷ್ಟವಾಗಿ ಬರೆದಿದೆಯೇ? ಮಾತು ತಪ್ಪಿದವನನ್ನು ಕೇಳುವ, ಎಲ್ಲರೂ ಒಪ್ಪಿದ ಪೀಠವಿದೆಯೇ? ೧೭೫೨ರ ಕೂಟ ಈ ಮೂರರಲ್ಲಿಯೂ ಸೋತಿತು. ೧೭೯೦ರ ಕೂಟ ಗೆದ್ದುದನ್ನು ಹಂಚಿಕೊಳ್ಳುವ ಬಗೆಯನ್ನು ಬರೆದಿತ್ತು, ಉಳಿದೆರಡರಲ್ಲಿ ಸೋತಿತು. ವಿಶ್ವಸಂಸ್ಥೆಯಲ್ಲಿ ಎದುರಾಳಿಗಳೆಲ್ಲರೂ ಒಳಗಿದ್ದಾರೆ, ಕೇಳುವ ಪೀಠವೂ ಇದೆ. ಆದರೆ ೧೯೪೫ರಲ್ಲಿ ಐವರಿಗೆ ಕೊಟ್ಟ ನಿಷೇಧಾಧಿಕಾರದಿಂದ ಆ ಪೀಠದ ಮಾತು ಆ ಐವರ ಬಾಗಿಲಲ್ಲಿ ನಿಲ್ಲುತ್ತದೆ. ೨೦೨೨ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಬಿದ್ದ ರಷ್ಯವು ಭದ್ರತಾ ಮಂಡಲಿಯ ಠರಾವನ್ನು ತಾನೇ ಕೈಯೆತ್ತಿ ತಡೆದುದು ಇದಕ್ಕೆ ನಿದರ್ಶನ. ಇದರಿಂದ ಆ ಸಂಸ್ಥೆ ನಿಷ್ಪ್ರಯೋಜಕವೆಂದು ಹೇಳುವುದು ದುಡುಕು. ಮೂರು ಪ್ರಶ್ನೆಗಳಲ್ಲಿ ಎಲ್ಲಿ ಅದು ತಡವರಿಸುತ್ತಿದೆಯೋ ಅಲ್ಲಿಯೇ ಅದನ್ನು ತಿದ್ದಬೇಕೆಂಬುದು ಸರಿಯಾದ ನಿರ್ಣಯ.

ಶಾಂತಿಯ ಪ್ರಯತ್ನ ಮಿತ್ರರನ್ನು ಎಣಿಸುವುದರಿಂದ ಆರಂಭವಾಗುವುದು ವಾಡಿಕೆ. ಎದುರಾಳಿಯೊಡನೆ ಕುಳಿತು ವ್ಯಾಜ್ಯವನ್ನು ಅಳೆದು ಬರೆಯುವುದರಿಂದ ಅದು ಆರಂಭವಾಗಬೇಕೆಂಬುದು ತಲಕಾಡು ಕಳಲೆಗಳ ಇತಿಹಾಸ ನಮಗೆ ಕೊಡುವ ತಿಳಿವಳಿಕೆ. ಆ ಕೆಲಸಕ್ಕೆ ಶೌರ್ಯದ ಬಿರುದುಗಳು ದೊರೆಯುವುದಿಲ್ಲ. ಆದರೆ ದೇವಾಲಯದ ಬೆಳ್ಳಿಯೂ ರೈತನ ಬೆಳೆಯೂ ಅದರಿಂದ ಉಳಿಯುತ್ತವೆ.